ಬ್ಲೇಡ್ ಬದಲಾಯಿಸಿದರಾ ಅಂತ ನೋಡಲೇ ಇಲ್ಲ ಡಾಕ್ಟ್ರೇ

ಪ್ರಶ್ನೆ: ನನಗೆ 36 ವರ್ಷ. ಕಳೆದ ಭಾನುವಾರ ಶೇವಿಂಗ್ ಮಾಡಿಸಲು ಸಲೂನಿಗೆ ಹೋಗಿದ್ದೆ. ಹತ್ತು ವರ್ಷದಿಂದ ಹೋಗುತ್ತಿರುವ ಅಂಗಡಿ. ಜನ ಜಾಸ್ತಿ ಇದ್ದರು. ನಾನು ಫೋನ್ ನೋಡುತ್ತಾ ಕೂತಿದ್ದೆ. ಬ್ಲೇಡ್ ಬದಲಾಯಿಸಿದರಾ ಇಲ್ವಾ ಅಂತ ಗಮನಿಸಲಿಲ್ಲ. ಗದ್ದದ ಕೆಳಗೆ ಕುಯ್ದು ರಕ್ತ ಬಂತು. ಅವರು ಪಟಿಕದ ಕಲ್ಲು ಉಜ್ಜಿದರು, ನಿಂತುಹೋಯಿತು. ಮನೆಗೆ ಬಂದ ಮೇಲೆ ತಲೆಯೊಳಗೆ ಹುಳ ಹೊಕ್ಕಿತು. ರಾತ್ರಿಯೆಲ್ಲ ಇಂಟರ್‌ನೆಟ್ಟಿನಲ್ಲಿ ಓದಿ ಓದಿ ನಿದ್ದೆ ಕೆಟ್ಟಿದೆ. ಇವತ್ತಿಗೆ ನಾಲ್ಕು ದಿನ. ಕತ್ತಿನ ಮೇಲೆ ಏಳೆಂಟು ಕೆಂಪು ಗುಳ್ಳೆ ಎದ್ದಿವೆ, ಎರಡರಲ್ಲಿ ಕೀವು ಇದೆ. ಇದು ಎಚ್‌ಐವಿ ಲಕ್ಷಣವಾ?

ಇನ್ನೊಂದು ವಿಷಯ. ಏಳು ವರ್ಷದ ಮಗನಿಗೆ ಅದೇ ಅಂಗಡಿಯಲ್ಲಿ ಕಟಿಂಗ್ ಮಾಡಿಸುವುದು. ಮೂರು ವಾರದಿಂದ ಅವನ ತಲೆಯ ಹಿಂಭಾಗದಲ್ಲಿ ಅಂಗಿ ಗುಂಡಿಯಷ್ಟು ಜಾಗ ಹೊಟ್ಟು ಎದ್ದು, ಕೂದಲು ಮುರಿದಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಮುಲಾಮು ಹಚ್ಚಿದೆವು. ಕಮ್ಮಿಯಾದ ಹಾಗೆ ಕಂಡು ಈಗ ಮತ್ತೆ ಅಗಲವಾಗಿದೆ. ನನ್ನ ಹೆಂಡತಿ, 'ನಮ್ಮ ಪಾರ್ಲರಿನಲ್ಲಿ ನೀಲಿ ಲೈಟಿನ ಡಬ್ಬಿ ಇದೆ, ಎಲ್ಲಾ ಅದರಲ್ಲೇ ಇಡ್ತಾರೆ, ಅಲ್ಲಿ ಏನೂ ಆಗಲ್ಲ' ಅನ್ನುತ್ತಾಳೆ. ಹೌದಾ? ನಾವು ಸಲೂನಿಗೆ ಹೋಗುವುದನ್ನೇ ಬಿಡಬೇಕಾ?

ಉತ್ತರ: ನಿಮ್ಮ ಪತ್ರ ಬಂದ ದಿನವೇ ಎರಡು ಸಾಲು ಬರೆದು ಕಳಿಸಿದ್ದೆ. ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ಲಸಿಕೆ ಹಿಂದೆ ಹಾಕಿಸಿಕೊಂಡಿಲ್ಲವಾದರೆ ಇವತ್ತೇ ಹೋಗಿ ಮೊದಲ ಡೋಸ್ ಹಾಕಿಸಿಕೊಳ್ಳಿ, ಮಗನನ್ನು ಚರ್ಮದ ಡಾಕ್ಟರಿಗೆ ತೋರಿಸಿ ಅಂತ. ಯಾಕೆ ಹಾಗೆ ಹೇಳಿದೆ ಅನ್ನುವುದನ್ನು ಈಗ ನಿಧಾನವಾಗಿ ಬರೆಯುತ್ತೇನೆ. ಇದೇ ಭಯ ಇಟ್ಟುಕೊಂಡು ನನ್ನ ಹತ್ತಿರ ಬರುವವರು ತುಂಬಾ ಜನ. ಬಾಗಿಲು ಹಾಕಿದೆಯಾ ಅಂತ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ, ಆಮೇಲೆ ದನಿ ತಗ್ಗಿಸಿ ಎಚ್‌ಐವಿ ಅನ್ನುತ್ತಾರೆ. ಗಾಯ ಎಲ್ಲಿ ಅಂತ ನಾನೇ ಕೇಳಬೇಕು.

ಅದರಿಂದಲೇ ಶುರು ಮಾಡೋಣ. ನಾಲ್ಕನೇ ದಿನಕ್ಕೆ ಕತ್ತಿನ ಮೇಲೆ ಎದ್ದ ಕೀವಿನ ಗುಳ್ಳೆ ಎಚ್‌ಐವಿಯದ್ದಲ್ಲ. ಎಚ್‌ಐವಿ ತಗುಲಿದವರಿಗೆ ಮೊದಲ ಲಕ್ಷಣ ಕಾಣಿಸಿಕೊಂಡರೆ ಅದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ಹೊತ್ತಿಗೆ. ಅದೂ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಹೀಗೆ ಫ್ಲೂ ತರಹ. ಶೇವ್ ಮಾಡಿದ ಜಾಗದಲ್ಲಷ್ಟೇ ಗುಳ್ಳೆ ಎಬ್ಬಿಸುವ ಅಭ್ಯಾಸ ಆ ವೈರಸ್ಸಿಗಿಲ್ಲ.

ಇನ್ನು ಬ್ಲೇಡಿನಿಂದ ಬರುವ ಸಾಧ್ಯತೆ. ಎಚ್‌ಐವಿ ದೇಹದ ಹೊರಗೆ ಬಹಳ ಸೂಕ್ಷ್ಮ. ರಕ್ತ ಒಣಗಿದರೆ ಕೆಲವೇ ಗಂಟೆಗಳಲ್ಲಿ ಅದರ ಸೋಂಕುಶಕ್ತಿಯ ಬಹುಪಾಲು ಹೋಗಿಬಿಡುತ್ತದೆ. ಆಸ್ಪತ್ರೆಯ ಲೆಕ್ಕ ನೋಡಿ. ಎಚ್‌ಐವಿ ಇರುವ ರೋಗಿಗೆ ಬಳಸಿದ ಸೂಜಿ ಆಗಲೇ ನರ್ಸ್ ಕೈಗೆ ಚುಚ್ಚಿದರೂ, ಸೋಂಕು ತಗಲುವುದು ಅಂಥ ಸಾವಿರ ಘಟನೆಗಳಲ್ಲಿ ಸುಮಾರು 3ರಲ್ಲಿ. ಸೂಜಿಯ ಕೊಳವೆಯೊಳಗೆ ರಕ್ತ ನಿಂತಿರುತ್ತದೆ. ಶೇವಿಂಗ್ ಬ್ಲೇಡಿನ ಮೇಲೆ ಇದ್ದರೂ ತೆಳುವಾದ ಪೊರೆ, ಅದೂ ನೊರೆ ನೀರಿನಲ್ಲಿ ತೊಳೆದುಹೋಗಿರುತ್ತದೆ. ಸೊನ್ನೆ ಅಂತ ನಾನು ಹೇಳಲ್ಲ. ಆದರೆ ರಾತ್ರಿ ನಿದ್ದೆ ಕೆಡಿಸಿಕೊಳ್ಳುವಷ್ಟು ಇಲ್ಲ.

ನಾನು ತಲೆಕೆಡಿಸಿಕೊಳ್ಳುವುದು ಹೆಪಟೈಟಿಸ್ ಬಿ ಬಗ್ಗೆ. ಅದರ ಹೆಸರು ಯಾರೂ ತಗ್ಗಿದ ದನಿಯಲ್ಲಿ ಹೇಳುವುದಿಲ್ಲ, ಹಾಗಾಗಿ ಹೆದರಿಕೆಯೂ ಇಲ್ಲ. ಆದರೆ ಈ ವೈರಸ್ ಒಣಗಿದ ರಕ್ತದಲ್ಲಿ, ಮೇಜಿನ ಮೇಲೆ, ಕಬ್ಬಿಣದ ಮೇಲೆ ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ರಕ್ತ ಕಾಣಬೇಕಂತಲೂ ಇಲ್ಲ. ಅದೇ ಸೂಜಿ ಚುಚ್ಚಿದ ಲೆಕ್ಕದಲ್ಲಿ, ಲಸಿಕೆ ಇಲ್ಲದವರಿಗೆ ಇದು ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಲಿವರಿನದ್ದೇ ಇನ್ನೊಂದು ವೈರಸ್ ಹೆಪಟೈಟಿಸ್ ಸಿ ತಗಲುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಕಡಿಮೆ. ಸಲೂನಿನ ಶೇವಿಂಗ್ ಈ ಎರಡು ಹೆಪಟೈಟಿಸ್‌ಗಳು ಹರಡುವ ದಾರಿಗಳಲ್ಲಿ ಒಂದು ಅಂತ ಬೇರೆಬೇರೆ ದೇಶಗಳ ಅಧ್ಯಯನಗಳಲ್ಲಿ ಬಂದಿದೆ. ದೊಡ್ಡ ದಾರಿ ಅಲ್ಲ, ಆದರೂ ದಾರಿ.

ಸಮಾಧಾನದ ವಿಷಯ ಅಂದರೆ ಬಿಗೆ ಲಸಿಕೆ ಇದೆ. ಸೋಂಕಿತ ರಕ್ತ ತಾಗಿರಬಹುದು ಅನ್ನಿಸಿದ ಮೇಲೂ 24 ಗಂಟೆಯೊಳಗೆ ಹಾಕಿಸಿಕೊಂಡರೆ ಒಳ್ಳೆಯ ರಕ್ಷಣೆ ಸಿಗುತ್ತದೆ. ತಡವಾದಷ್ಟೂ ಪ್ರಯೋಜನ ಇಳಿಯುತ್ತಾ ಹೋಗುತ್ತದೆ. ಒಂದು ವಾರದೊಳಗೆ ಇದ್ದೀರಲ್ಲ ಅಂತಲೇ ಆವತ್ತು ಅವಸರ ಮಾಡಿದೆ. ಮೊದಲ ಡೋಸ್ ಆದ ಮೇಲೆ 1 ತಿಂಗಳಿಗೆ, 6 ತಿಂಗಳಿಗೆ ಇನ್ನೆರಡು. ಹಿಂದೆ ಯಾವಾಗಲೋ ಮೂರೂ ಆಗಿದ್ದರೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ನೋಡಿಸಿ. ಅಳತೆ 10ಕ್ಕಿಂತ ಮೇಲಿದ್ದರೆ ಹೆಪಟೈಟಿಸ್ ಬಿ ಚಿಂತೆ ಅಲ್ಲಿಗೆ ಮುಗಿಯಿತು. ಅಕಸ್ಮಾತ್ ತಗುಲಿದರೂ ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ಸುಮಾರು 95 ಜನರ ದೇಹ ಆರು ತಿಂಗಳೊಳಗೆ ಅದನ್ನು ತಾನೇ ಹೊರಹಾಕುತ್ತದೆ. ಸಿಗೆ ಲಸಿಕೆ ಇಲ್ಲ. ಆದರೆ 8ರಿಂದ 12 ವಾರ ಮಾತ್ರೆ ನುಂಗಿದರೆ ಹೆಚ್ಚುಕಮ್ಮಿ ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದೆ.

ಪರೀಕ್ಷೆ ಮಾಡಿಸಬೇಕಾ? ಮಾಡಿಸಿ, ಆದರೆ ಸರಿಯಾದ ಹೊತ್ತಿಗೆ. ಗಾಯವಾದ ಮರುದಿನವೇ ಓಡಿ ಹೋಗಿ ಎಚ್‌ಐವಿ ಟೆಸ್ಟ್ ಮಾಡಿಸಿ, 'ನೆಗೆಟಿವ್ ಬಂತು' ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಆ ಕಾಗದ ಹೇಳುವುದು ನಿಮ್ಮ ಹಳೆಯ ಕಥೆಯನ್ನು, ಈ ಗಾಯದ್ದನ್ನಲ್ಲ. ಈಗ ಒಂದು ಸಲ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಲು ಆಗುತ್ತದೆ. ಆಮೇಲೆ ಎಚ್‌ಐವಿಯದ್ದು ಲ್ಯಾಬಿನಲ್ಲಿ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್, 45 ದಿನ ಕಳೆದ ಮೇಲೆ. ಹೆಪಟೈಟಿಸ್ ಸಿ ಪ್ರತಿಕಾಯ ಮೂರು ತಿಂಗಳಿಗೆ. ಬಿಯದ್ದನ್ನೂ ಅದೇ ದಿನ ನೋಡಿಸಿಬಿಡಿ, ಆರು ತಿಂಗಳಿಗೆ ಇನ್ನೊಂದು ಸಲ. ಎಚ್‌ಐವಿ ತಡೆಯುವ ತುರ್ತು ಮಾತ್ರೆಗಳು ಅಂತ ಇವೆ, ಅವನ್ನು 72 ಗಂಟೆಯೊಳಗೆ ಶುರು ಮಾಡಬೇಕು. ನಿಮ್ಮಂಥ ಸಣ್ಣ ಗೀರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಹಾಗಾಗಿ ಅದು ತಪ್ಪಿಹೋಯಿತಲ್ಲ ಅಂತ ಕೊರಗಬೇಡಿ.

ಹಾಗಾದರೆ ಆ ಗುಳ್ಳೆ ಏನು? ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಬರೆದ ರೀತಿಗೆ ಎರಡರಲ್ಲಿ ಒಂದು. ಮೊದಲನೆಯದು ಕೂದಲ ಬುಡದ ಸೋಂಕು. ಬ್ಲೇಡ್ ಆಡಿಸಿದಾಗ ಕಣ್ಣಿಗೆ ಕಾಣದ ನೂರು ಗೀರು ಬೀಳುತ್ತವೆ. ಅಲ್ಲಿ ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಅದು ಸಲೂನಿನ ಟವೆಲ್ಲಿನಿಂದ ಬಂದಿರಬಹುದು. ನಿಮ್ಮದೇ ಮೂಗಿನಿಂದಲೂ ಬಂದಿರಬಹುದು, ಎಷ್ಟೋ ಜನರ ಮೂಗಿನಲ್ಲಿ ಅದು ಸುಮ್ನೆ ಕೂತಿರುತ್ತದೆ. ಎರಡನೆಯದು ಸೋಂಕೇ ಅಲ್ಲ. ಗುಂಗುರು ಗಡ್ಡದವರಿಗೆ, ತೀರಾ ನುಣ್ಣಗೆ ಶೇವ್ ಮಾಡಿಸುವವರಿಗೆ, ಕತ್ತರಿಸಿದ ಕೂದಲು ಬಾಗಿ ಮತ್ತೆ ಚರ್ಮದೊಳಗೇ ಚುಚ್ಚಿಕೊಳ್ಳುತ್ತದೆ. ಮುಳ್ಳು ಹೊಕ್ಕಂತೆ ಅಲ್ಲಿ ಊದುತ್ತದೆ. ಇದಕ್ಕೆ ಹೊಸ ಬ್ಲೇಡಾದರೂ ಒಂದೇ, ಹಳೆಯದಾದರೂ ಒಂದೇ. ಕೂದಲು ಬೆಳೆಯುವ ದಿಕ್ಕಿನಲ್ಲೇ ಕೆರೆಯಬೇಕು, 'ಇನ್ನೊಂದು ಸಲ ಉಲ್ಟಾ ಎಳೀರಿ' ಅನ್ನುವುದನ್ನು ಬಿಡಬೇಕು.

ಎರಡಕ್ಕೂ ಸದ್ಯದ ಮದ್ದು ಒಂದೇ. ಹತ್ತು ಹದಿನೈದು ದಿನ ಗಡ್ಡ ಬಿಡಿ. ದಿನಕ್ಕೆ ಮೂರು ನಾಲ್ಕು ಸಲ ಶುಭ್ರ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಹತ್ತು ನಿಮಿಷ ಇಡಿ. ಹಿಸುಕಬೇಡಿ. ಗುಳ್ಳೆ ದೊಡ್ಡದಾಗಿ ಕುರು ಆದರೆ, ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರಂತೂ ಮೊದಲ ದಿನವೇ.

ಈಗ ಬ್ಲೇಡಿನ ಮಾತು. ಎಲ್ಲರ ಕಣ್ಣೂ ಅದರ ಮೇಲೆ. ಕಾಗದ ಬಿಚ್ಚಿ, ಲಟಕ್ ಅಂತ ಎರಡು ತುಂಡು ಮಾಡಿ, ಅರ್ಧ ಸಿಕ್ಕಿಸಿದ್ದನ್ನು ಕಂಡರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇವೆ. ಒಮ್ಮೆ ಸಲೂನ್ ಕೆಲಸ ಮಾಡುವ ಹುಡುಗರ ತರಬೇತಿಗೆ ಪಾಠ ಹೇಳಲು ಹೋಗಿದ್ದೆ. ಒಬ್ಬ ಹುಡುಗ, 'ನಾನು ಯಾವತ್ತೂ ಒಂದು ಬ್ಲೇಡ್ ಇಬ್ಬರಿಗೆ ಬಳಸಿಲ್ಲ' ಅಂತ ಹೆಮ್ಮೆಯಿಂದ ಹೇಳಿದ. ನಿಜವೇ ಇರಬೇಕು. ಬ್ಲೇಡ್ ಸಿಕ್ಕಿಸುವ ಹಿಡಿಯನ್ನು ಅವನಿಂದ ಈಸಿಕೊಂಡು, ಬ್ಲೇಡ್ ತೆಗೆದು, ಕಡ್ಡಿಗೆ ಹತ್ತಿ ಸುತ್ತಿ, ಅದು ಕೂರುವ ಸೀಳಿನೊಳಗೆ ಒಂದು ಸಲ ಎಳೆದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಸೋಪಿನ ಪಾಚಿ, ಕೂದಲ ಚೂರು, ಚರ್ಮದ ಪುಡಿ, ಒಣಗಿದ ಏನೇನೋ. ಹೊಸ ಬ್ಲೇಡ್ ದಿನವೂ ಕೂರುತ್ತಿದ್ದದ್ದು ಅದರ ಮೇಲೇ. ಅವನು ಹತ್ತಿಯನ್ನು ನೋಡಿದ, ಆಮೇಲೆ ತನ್ನ ಬೆರಳನ್ನು ನೋಡಿಕೊಂಡ. ಬೆರಳ ತುದಿಯಲ್ಲಿ ಮೂರು ನಾಲ್ಕು ಹಳೆಯ ಗೀರು ಇದ್ದವು.

ಪಟಿಕದ ಕಲ್ಲಿನದ್ದೂ ಇದೇ ಕಥೆ. ಪಟಿಕ ರಕ್ತ ನಿಲ್ಲಿಸುತ್ತದೆ, ಅದು ಸುಳ್ಳಲ್ಲ. ಅಂಗಾಂಶವನ್ನು ಬಿಗಿಮಾಡಿ ಸಣ್ಣ ರಕ್ತನಾಳಗಳ ಬಾಯಿ ಮುಚ್ಚಿಸುತ್ತದೆ. ಆದರೆ ಕುಯ್ದವರ ಮುಖಕ್ಕೆಲ್ಲ ಅದೇ ಒಂದು ಕಲ್ಲು ಉಜ್ಜಿದರೆ? ಬ್ಲೇಡನ್ನು ಬದಲಾಯಿಸಿ, ರಕ್ತ ಮುಟ್ಟಿದ ಕಲ್ಲನ್ನು ಹಂಚಿಕೊಂಡಂತಾಯಿತು. ನಿಮ್ಮ ಕಥೆಯಲ್ಲಿ ನನಗೆ ಬ್ಲೇಡಿಗಿಂತ ಕಲ್ಲೇ ಹೆಚ್ಚು ಚುಚ್ಚಿತು. ಪಟಿಕದ ಪುಡಿಯನ್ನು ಹೊಸ ಹತ್ತಿಯಲ್ಲಿ ಮುಟ್ಟಿಸಿ ಬಿಸಾಕಬಹುದು. ಇಲ್ಲಾಂದ್ರೆ ಶುಭ್ರ ಹತ್ತಿಯಿಂದ ಐದು ನಿಮಿಷ ಒತ್ತಿ ಹಿಡಿದರೂ ಸಾಕು, ಸಣ್ಣ ಗೀರು ನಿಲ್ಲುತ್ತದೆ.

ಬ್ರಷ್ಷೂ ಕಮ್ಮಿಯದ್ದೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ ಸೈನಿಕರಿಗೂ ಸಾಮಾನ್ಯರಿಗೂ ಮುಖದ ಮೇಲೆ ಆಂಥ್ರಾಕ್ಸ್ ಹುಣ್ಣು ಕಾಣಿಸಿಕೊಂಡಿತು, ದನಕುರಿಗಳಿಂದ ಮನುಷ್ಯರಿಗೆ ಬರುವ ಬ್ಯಾಕ್ಟೀರಿಯಾ ರೋಗ ಅದು. ಮೂಲ ಹುಡುಕಿದರೆ, ಸರಿಯಾಗಿ ಶುದ್ಧಮಾಡದ ಪ್ರಾಣಿಕೂದಲಿನ ಶೇವಿಂಗ್ ಬ್ರಷ್. ಈಗ ಆ ಭಯ ಬೇಡ. ಸದಾ ಒದ್ದೆಯಾಗಿರುವ ಬ್ರಷ್ಷಿನಲ್ಲಿ ಬೇರೆ ಸೂಕ್ಷ್ಮಜೀವಿಗಳೂ ಸೇರಿಕೊಳ್ಳಬಹುದು ಅನ್ನುವುದಕ್ಕೆ ಹೇಳಿದೆ.

ನಿಮ್ಮ ಹೆಂಡತಿ ಹೇಳಿದ ನೀಲಿ ಲೈಟಿನ ಡಬ್ಬಿಗೆ ಬರುತ್ತೇನೆ. ಒಳ್ಳೆಯ ಅಲ್ಟ್ರಾವಯೊಲೆಟ್ ದೀಪ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ನಿಜ. ಆದರೆ ಬೆಳಕು ಬಿದ್ದ ಜಾಗದಲ್ಲಿ ಮಾತ್ರ. ಬಾಚಣಿಗೆಯ ಹಲ್ಲಿನ ಬುಡ, ಕತ್ತರಿಯ ತಿರುಗಣಿ, ಉಗುರು ಕತ್ತರಿಸುವ ನಿಪ್ಪರಿನ ಒಳಬದಿ, ಒಂದರ ಮೇಲೊಂದು ಪೇರಿಸಿಟ್ಟ ಸಾಮಾನಿನ ಕೆಳಗಿನದ್ದು, ಇವೆಲ್ಲ ನೆರಳಿನಲ್ಲಿ ಉಳಿಯುತ್ತವೆ. ಮೇಲೆ ಎಣ್ಣೆ, ಕೂದಲು, ಕ್ರೀಮು ಅಂಟಿದ್ದರೆ ಅದೂ ಒಂದು ಕೊಡೆಯೇ. ದೀಪವೂ ವರ್ಷ ಕಳೆದಂತೆ ಸೊರಗುತ್ತದೆ, ನೀಲಿ ಬಣ್ಣ ಮಾತ್ರ ಹಾಗೇ ಕಾಣುತ್ತದೆ. ಕೆಲವು ಅಗ್ಗದ ಡಬ್ಬಿಗಳಲ್ಲಿ ಇರುವುದು ಬರೀ ನೀಲಿ ಬಲ್ಬ್. ಶುದ್ಧ ಮಾಡಿ ಆದ ಸಾಮಾನನ್ನು ಧೂಳು ಬೀಳದ ಹಾಗೆ ಇಡಲು ಅದು ಒಳ್ಳೆಯ ಕಪಾಟು. ಶುದ್ಧ ಮಾಡುವ ಕೆಲಸ ಅದರ ಕೈಲಿ ಆಗಲ್ಲ.

ಬೆಂಕಿಕಡ್ಡಿ ಗೀರಿ ಕತ್ತಿಯನ್ನು ಒಂದು ಸಲ ಜ್ವಾಲೆಯ ಮೇಲೆ ಆಡಿಸುವುದು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಬಿಡುವುದು, ಬಟ್ಟಲಲ್ಲಿ ಹಾಲುಬಣ್ಣದ ಆಂಟಿಸೆಪ್ಟಿಕ್ ನೀರು ಇಟ್ಟು ಇಡೀ ದಿನ ಬಾಚಣಿಗೆ ಅದ್ದುವುದು, ಇವೆಲ್ಲ ನಮ್ಮ ಸಮಾಧಾನಕ್ಕೆ. ಆಂಟಿಸೆಪ್ಟಿಕ್ ಇರುವುದು ಚರ್ಮಕ್ಕೆ. ಸಾಮಾನಿಗೆ ಬೇಕಾದ್ದು ಅದಕ್ಕಿಂತ ಬಿರುಸಾದದ್ದು.

ಹಾಗಾದರೆ ಯಾವುದು ಸರಿ? ಗುಟ್ಟೇನಿಲ್ಲ. ಮೊದಲು ತೊಳೆಯಬೇಕು. ಸೋಪು ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಉಜ್ಜಿ ತೊಳೆದು ಒರೆಸಬೇಕು. ರಕ್ತ, ಕೂದಲು, ಜಿಡ್ಡು ಅಂಟಿದ್ದರೆ ಎಂಥಾ ಔಷಧಿಯೂ ಒಳಗೆ ಇಳಿಯುವುದಿಲ್ಲ. ಆಮೇಲೆ ದ್ರಾವಣದಲ್ಲಿ ಪೂರ್ತಿ ಮುಳುಗಿಸಬೇಕು, ಹಿಡಿಯೂ ಸೇರಿ. ಆಮೇಲೆ ಕಾಯಬೇಕು. ಸಲೂನಿನಲ್ಲಿ ಸೋತುಹೋಗುವುದು ಈ ಕಾಯುವ ಕೆಲಸವೇ. ದ್ರಾವಣ ಯಾವುದೇ ಇರಲಿ, ಬಾಟಲಿಯ ಮೇಲೆ ಎಷ್ಟು ನಿಮಿಷ ಅಂತ ಬರೆದಿರುತ್ತದೆ, ಹೆಚ್ಚಾಗಿ 10. ಭಾನುವಾರ ಬೆಂಚಿನ ಮೇಲೆ ಆರು ಜನ ಕೂತಿರುವಾಗ ಹತ್ತು ನಿಮಿಷ ಯಾರು ಕೊಡುತ್ತಾರೆ ಹೇಳಿ? ಉತ್ತರ ಸುಲಭ. ಒಂದು ಜೊತೆಯ ಬದಲು ಮೂರು ನಾಲ್ಕು ಜೊತೆ ಬಾಚಣಿಗೆ, ಕತ್ತರಿ, ಹಿಡಿ ಇಟ್ಟುಕೊಳ್ಳುವುದು. ಒಂದು ನೆನೆಯುತ್ತಿದ್ದರೆ ಇನ್ನೊಂದು ಕೆಲಸಕ್ಕೆ.

ಸಲೂನ್ ನಡೆಸುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಸ್ಪಿರಿಟ್ ಆದರೆ 70 ಪರ್ಸೆಂಟಿನದ್ದು, ಒರೆಸಿದರೆ ಸಾಲದು, ಹತ್ತು ನಿಮಿಷ ಮುಳುಗಿಸಬೇಕು. 99ರದ್ದು ಇನ್ನೂ ಜೋರು ಅಂದುಕೊಂಡು ತರಬೇಡಿ. ಜೀವಾಣುವಿನ ಪ್ರೊಟೀನ್ ಕೆಡಿಸಲು ಸ್ವಲ್ಪ ನೀರು ಬೇಕು, 99ರದ್ದು ಬೇಗ ಆರಿಯೂ ಹೋಗುತ್ತದೆ. ರಕ್ತ ತಾಗಿದ್ದಕ್ಕೆ ಬ್ಲೀಚ್ ಒಳ್ಳೆಯದು. ಬಾಟಲಿಯಲ್ಲಿ 5 ಪರ್ಸೆಂಟ್ ಅಂತಿದ್ದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು, ಹತ್ತು ನಿಮಿಷ. ದಿನವೂ ಹೊಸದಾಗಿ ಕಲಸಬೇಕು, ನಿನ್ನೆಯದು ಸಪ್ಪೆ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಹಾಗಾಗಿ ಹೊತ್ತು ಮುಗಿದ ತಕ್ಷಣ ತೊಳೆದು ಒರೆಸಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಬೇರೇನೂ ಇಲ್ಲದಿದ್ದರೆ ಲೋಹದ ಸಾಮಾನನ್ನು ತೊಳೆದು, ಕುದಿ ಬಂದ ಮೇಲೆ 20 ನಿಮಿಷ ಕುದಿಸಿ. ಕೆಲವು ಗಟ್ಟಿ ಬೀಜಾಣುಗಳು ಅದಕ್ಕೂ ಬಗ್ಗುವುದಿಲ್ಲ, ಆದರೆ ಹೆಪಟೈಟಿಸ್ ವೈರಸ್ ಉಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಬಳಸುವ ಆಟೋಕ್ಲೇವ್ ಇದ್ದರೆ ಬಿಡಿ, ಅದು ಪ್ರೆಶರ್ ಕುಕ್ಕರಿನ ಅಣ್ಣ. ಒತ್ತಡದ ಹಬೆಯಲ್ಲಿ 121 ಡಿಗ್ರಿ, ಕನಿಷ್ಠ 15 ನಿಮಿಷ, ಏನೂ ಬದುಕುವುದಿಲ್ಲ.

ಪಾರ್ಲರಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ರಕ್ತ ಕಮ್ಮಿ, ಆದರೆ ಚರ್ಮದ ವೈರಸ್ಸುಗಳಿಗೆ ಅವಕಾಶ ಜಾಸ್ತಿ. ಹುಬ್ಬಿನ ಸಾಲಿನಲ್ಲೇ ಮಣಿ ಪೋಣಿಸಿದಂತೆ ಚಿಕ್ಕ ಚಿಕ್ಕ ಚಪ್ಪಟೆ ನರಹುಲಿ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಥ್ರೆಡಿಂಗ್ ಮಾಡಿದಾಗ ಚರ್ಮ ಸಣ್ಣಗೆ ಹರಿಯುತ್ತದೆ. ಒಂದು ನರಹುಲಿ ಇದ್ದರೂ ದಾರ ಅದನ್ನು ಸಾಲಾಗಿ ಬಿತ್ತಿಬಿಡುತ್ತದೆ. ನಡುವೆ ಕುಳಿ ಇರುವ, ಮುತ್ತಿನಂಥ ಮೊಲಸ್ಕಮ್ ಗುಳ್ಳೆಗಳೂ ಹೀಗೇ ಹರಡುತ್ತವೆ. ಇವು ಕಾಣಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಪಾರ್ಲರಿನ ನೆನಪೇ ಯಾರಿಗೂ ಬರುವುದಿಲ್ಲ. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವವರಿದ್ದಾರೆ, ಅವರ ಎಂಜಲು ದಾರದಲ್ಲೇ ಇಳಿಯುತ್ತದೆ. ತುದಿಯನ್ನು ಕುತ್ತಿಗೆಗೆ ಸುತ್ತಿಕೊಂಡು ಮಾಡುವವರೂ ಇದ್ದಾರೆ, ನಿಮ್ಮ ಹೆಂಡತಿ ಅಂಥವರ ಹತ್ತಿರ ಹೋಗಲಿ. ದಾರ ಪ್ರತಿಯೊಬ್ಬರಿಗೂ ಹೊಸ ತುಂಡು. ತುಟಿಯ ಹತ್ತಿರ ಜ್ವರಗುಳ್ಳೆ ಎದ್ದಿರುವಾಗ ಮೇಲ್ತುಟಿ ಮಾಡಿಸಲೇಬಾರದು.

ವ್ಯಾಕ್ಸ್ ಬಿಸಿ ಇರುತ್ತಲ್ಲ, ಎಲ್ಲಾ ಸತ್ತುಹೋಗುತ್ತೆ ಅನ್ನುವುದು ಇನ್ನೊಂದು ನಂಬಿಕೆ. ಚರ್ಮ ಸುಡದಷ್ಟು ಬಿಸಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಒಮ್ಮೆ ಮೈಗೆ ತಾಗಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದಿದರೆ ಹಿಂದಿನ ಹತ್ತು ಜನರದ್ದೂ ಅದರಲ್ಲಿ ಸೇರಿತು ಅಂತಲೇ ಲೆಕ್ಕ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ವ್ಯಾಕ್ಸ್ ಕಡೆ ಹೋಗಬಾರದು, ಚರ್ಮವೇ ಸುಲಿದುಬರುತ್ತದೆ. ಮಾತ್ರೆ ನಿಲ್ಲಿಸಿ ಆರು ತಿಂಗಳು ಕಾಯಬೇಕು.

ಪೆಡಿಕ್ಯೂರ್ ಮಾಡಿಸುತ್ತಾರಾದರೆ ಒಂದು ಮಾತು. 2000ನೇ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಅಂಗಡಿಗೆ ಹೋಗಿದ್ದ ನೂರಕ್ಕೂ ಹೆಚ್ಚು ಜನರ ಕಾಲಿಗೆ ತಿಂಗಳುಗಟ್ಟಲೆ ವಾಸಿಯಾಗದ ಕುರು ಎದ್ದವು. ನೀರು ಚಿಮ್ಮುವ ಕಾಲುತೊಟ್ಟಿಯ ಜಾಲರಿಯ ಹಿಂದೆ ಕೂದಲು, ಚರ್ಮದ ಕಸ ಕಟ್ಟಿಕೊಂಡಿತ್ತು. ಅದರಲ್ಲಿ ಮೈಕೊಬ್ಯಾಕ್ಟೀರಿಯಂ ಜಾತಿಯ ಒಂದು ಬ್ಯಾಕ್ಟೀರಿಯಾ ಬೆಳೆದಿತ್ತು. ಹೋಗುವ ಮುಂಚೆ ಕಾಲು ಶೇವ್ ಮಾಡಿಕೊಂಡಿದ್ದವರಿಗೆ ಹೆಚ್ಚಾಗಿ ಬಂದಿತ್ತು. ಹಾಗಾಗಿ ಪಾರ್ಲರಿಗೆ ಹೋಗುವ ಹಿಂದಿನ ದಿನ ಕಾಲಿಗೆ ಬ್ಲೇಡ್ ಹಾಕಬೇಡಿ. ಸಾದಾ ಪ್ಲಾಸ್ಟಿಕ್ ಟಬ್ಬೇ ಮೇಲು, ಉಜ್ಜಿ ತೊಳೆಯಬಹುದು.

ಮುಖಕ್ಕೆ ಸೂಜಿ ಚುಚ್ಚುವ ಯಾವ ಕೆಲಸವನ್ನೂ ಪಾರ್ಲರಿನಲ್ಲಿ ಮಾಡಿಸಬೇಡಿ, ಇದರಲ್ಲಿ ಮಾತ್ರ ನಾನು ಹಠಮಾರಿ. ಅವರವರದೇ ರಕ್ತ ತೆಗೆದು ಸೂಜಿಗಳಿಂದ ಮುಖಕ್ಕೆ ಸೇರಿಸುವ ಫೇಶಿಯಲ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿದ್ದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನಡೆದಿದೆ. ಲೈಸೆನ್ಸ್ ಇಲ್ಲದ ಜಾಗ ಅದು. 2018ರಲ್ಲಿ ತನಿಖೆ ಶುರುವಾಗಿ, 2024ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ವರದಿ ಪ್ರಕಟಿಸಿತು. ನೀವು ಬ್ಲೇಡಿಗೆ ಪಟ್ಟ ಭಯ ನಿಜವಾಗಿ ಸಲ್ಲಬೇಕಾದ್ದು ಇಂಥ ಕಡೆಗೆ.

ಮಗನ ತಲೆ. ಇಡೀ ಪತ್ರದಲ್ಲಿ ಮೊದಲು ಚಿಕಿತ್ಸೆ ಬೇಕಾಗಿರುವುದು ಅವನಿಗೆ. ಹೊಟ್ಟು, ಮುರಿದ ಕೂದಲು, ಮುಲಾಮಿಗೆ ತಗ್ಗಿ ಮತ್ತೆ ಅಗಲವಾಗುವುದು, ಇದು ಹುಳುಕಡ್ಡಿ ಇರಬೇಕು. ಹೆಸರಲ್ಲಿ ಹುಳ ಇದ್ದರೂ ಹುಳ ಅಲ್ಲ, ಫಂಗಸ್. ಅದರ ಬೀಜಕಣಗಳು ಬಾಚಣಿಗೆ, ಟ್ರಿಮ್ಮರ್, ಟೋಪಿಗಳ ಮೇಲೆ ತಿಂಗಳುಗಟ್ಟಲೆ ಬದುಕಬಲ್ಲವು. ಪಕ್ಕ, ಹಿಂದೆ ಬುಡಕ್ಕೇ ಮಷೀನ್ ಹೊಡೆಯುವ ಕಟಿಂಗ್ ಜೋರಾದ ಮೇಲೆ ಯುರೋಪಿನ ಕೆಲವು ದೇಶಗಳಲ್ಲಿ ಹದಿಹರೆಯದ ಹುಡುಗರಲ್ಲಿ ಇದು ಹೆಚ್ಚಿದೆ. ಟ್ರಿಮ್ಮರನ್ನು ನೀರಲ್ಲಿ ಮುಳುಗಿಸಲಾಗದು. ಹಾಗಂತ ಊದಿಬಿಟ್ಟರೆ ಸಾಲದು. ಹಲ್ಲಿನ ಭಾಗ ಬಿಚ್ಚಿ, ಕೂದಲು ಬ್ರಷ್‌ನಲ್ಲಿ ತೆಗೆದು, ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು, ಹೇಳಿದಷ್ಟು ಹೊತ್ತು ಬಿಡಬೇಕು.

ತಲೆಯ ಹುಳುಕಡ್ಡಿಗೆ ಮುಲಾಮು ಸಾಲದು. ಫಂಗಸ್ ಕೂದಲ ಬುಡದೊಳಗೆ ಇಳಿದಿರುತ್ತದೆ, ಅಲ್ಲಿಗೆ ಮುಲಾಮು ತಲುಪುವುದಿಲ್ಲ. ನಾಲ್ಕರಿಂದ ಎಂಟು ವಾರ ಬಾಯಿಗೆ ಔಷಧಿ ಬೇಕು, ತೂಕ ನೋಡಿ ಡಾಕ್ಟರೇ ಬರೆಯಬೇಕು. ಅಂಗಡಿಯಲ್ಲಿ ಕೊಟ್ಟ ಮುಲಾಮಿನ ಟ್ಯೂಬ್ ಜೊತೆಗೆ ಒಯ್ಯಿರಿ. ಅದರಲ್ಲಿ ಸ್ಟೀರಾಯ್ಡ್ ಇದ್ದಿರಬಹುದು ಅಂತ ನನ್ನ ಗುಮಾನಿ. ಸ್ಟೀರಾಯ್ಡ್ ಕೆಂಪು, ತುರಿಕೆ ತಗ್ಗಿಸಿ ವಾಸಿಯಾದ ಹಾಗೆ ತೋರಿಸುತ್ತದೆ. ಕೆಳಗೆ ಫಂಗಸ್ ಆರಾಮಾಗಿ ಹರಡುತ್ತಿರುತ್ತದೆ. ಆ ಜಾಗ ಊದಿ ಕೀವು ಸುರಿಯತೊಡಗಿದರೆ ಕುರು ಅಂತ ಕುಯ್ಯಿಸಲು ಬಿಡಬೇಡಿ. ಅದೂ ಹುಳುಕಡ್ಡಿಯದೇ ಒಂದು ರೂಪ, ತಡಮಾಡಿದರೆ ಅಲ್ಲಿ ಕೂದಲು ಶಾಶ್ವತವಾಗಿ ಹೋಗಬಹುದು. ಮನೆಯಲ್ಲಿ ಬಾಚಣಿಗೆ, ದಿಂಬಿನ ಕವರ್ ಬೇರೆ ಮಾಡಿ. ಬೆಕ್ಕೋ ನಾಯಿಯೋ ಇದ್ದರೆ ಅದರ ಮೈಯನ್ನೂ ಒಮ್ಮೆ ನೋಡಿ. ಔಷಧಿ ಶುರುವಾದ ಮೇಲೆ ಶಾಲೆ ಬಿಡಿಸುವ ಅಗತ್ಯವಿಲ್ಲ.

ಸಲೂನಿಗೆ ಹೋಗುವುದನ್ನೇ ಬಿಡಬೇಕಾ ಅಂತ ಕೇಳಿದ್ದೀರಿ. ಬೇಡ. ಕಟಿಂಗ್‌ಗೆ ಹೋಗಿ, ಗಡ್ಡವನ್ನು ಮನೆಯಲ್ಲೇ ಮಾಡಿಕೊಳ್ಳಿ, ಅದು ನನ್ನ ಮೊದಲ ಸಲಹೆ. ಚರ್ಮ ಕುಯ್ಯುವ ಸಾಧ್ಯತೆ ಇರುವ ಕೆಲಸ ಕಮ್ಮಿಯಾದಷ್ಟೂ ಒಳ್ಳೆಯದು. ಎರಡನೆಯದು, ನಿಮ್ಮದೇ ಕಿಟ್ ಒಯ್ಯುವುದು. ಒಳ್ಳೆಯದೇ, ಆದರೆ ಕಿಟ್ ಒಯ್ಯುವವರು ಅದನ್ನು ತೊಳೆಯುವುದಿಲ್ಲ. ಒದ್ದೆ ಬ್ರಷ್, ಕೂದಲು ಮೆತ್ತಿದ ಬಾಚಣಿಗೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ, ತಿಂಗಳ ಮೇಲೆ ಹಾಗೇ ಬಿಚ್ಚುತ್ತಾರೆ. ಅದೇ ಟ್ರಿಮ್ಮರನ್ನು ಅಣ್ಣ ತಮ್ಮಂದಿರೂ ಬಳಸಿದರೆ ಮನೆಯಲ್ಲೇ ಇನ್ನೊಂದು ಸಲೂನ್ ತೆರೆದ ಹಾಗೆ. ಬೇರೆ ಅಂಗಡಿ ಹುಡುಕುವುದು ಮೂರನೆಯದು. ಕನ್ನಡಿ, ಎಸಿ, ಮೆತ್ತನೆ ಕುರ್ಚಿ ನೋಡಿ ಮೋಸಹೋಗಬೇಡಿ. ದ್ರಾವಣದ ಜಾಡಿ ತಿಳಿಯಾಗಿದೆಯಾ, ಒಳಗೆ ಕೂದಲು ತೇಲುತ್ತಿದೆಯಾ ನೋಡಿ. ಟವೆಲ್ ಮಡಿಕೆಯಿಂದ ತೆಗೆದರಾ, ಹಿಂದಿನವರ ಹೆಗಲಿಂದ ತೆಗೆದರಾ ನೋಡಿ. ಹಳೆಯ ಬ್ಲೇಡ್ ಹೋಗುವುದು ಗಟ್ಟಿ ಡಬ್ಬಿಗಾ, ಕಸದ ಬುಟ್ಟಿಗಾ ನೋಡಿ. ಕುರ್ಚಿಯಲ್ಲಿ ಕೂರುವ ಮುಂಚೆ ಎರಡು ನಿಮಿಷ ಬೆಂಚಿನ ಮೇಲೆ ಕೂತರೆ ಇಷ್ಟೂ ಕಾಣುತ್ತದೆ, ಫೋನ್ ಜೇಬಲ್ಲಿದ್ದರೆ.

ಆದರೆ ಹತ್ತು ವರ್ಷದ ಪರಿಚಯ ಅಂತೀರಿ. ಆ ಮನುಷ್ಯನನ್ನು ಬಿಟ್ಟು ಹೋಗುವ ಮುಂಚೆ ಒಂದು ಸಲ ಮಾತಾಡಿ. ಜನ ಇಲ್ಲದ ಹೊತ್ತು ನೋಡಿ ಹೋಗಿ. ಮಗನಿಗೆ ಹುಳುಕಡ್ಡಿ ಅಂತ ಡಾಕ್ಟರ್ ಖಚಿತ ಮಾಡಿದರೆ ಅದನ್ನು ಹೇಳಿ. 'ನಿಮ್ಮಿಂದ ಬಂತು' ಅನ್ನಬೇಡಿ, ಶಾಲೆಯಲ್ಲಿ ಪಕ್ಕ ಕೂತ ಹುಡುಗನಿಂದಲೂ ಬಂದಿರಬಹುದು. ಆದರೆ ಈ ಮೂರು ವಾರದಲ್ಲಿ ಅವನ ತಲೆಗೆ ಆಡಿಸಿದ ಮಷೀನ್ ಬೇರೆ ಮಕ್ಕಳ ತಲೆಗೂ ಆಡಿರುತ್ತದೆ, ಅವರಿಗೆ ಗೊತ್ತಾಗಲಿ. ಪಟಿಕದ ಕಲ್ಲಿನ ವಿಷಯವನ್ನೂ ಹೇಳಿ. ಹಾಗೇ ಅವರ ಬೆರಳ ಕಡೆ ಒಮ್ಮೆ ನೋಡಿ. ನಿಮ್ಮ ಗದ್ದದ ಕೆಳಗೆ ಒಂದು ಗೀರು ಬಿದ್ದಿದೆ, ಆ ಕೈಗೆ ವಾರಕ್ಕೊಂದು ಬೀಳುತ್ತದೆ, ಅದೂ ಊರವರೆಲ್ಲರ ರಕ್ತ ಮುಟ್ಟುವ ಕೈ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ ಅಂತ ಕೇಳಿ. ಇಲ್ಲ ಅಂದರೆ, ನಿಮ್ಮ ಎರಡನೇ ಡೋಸಿಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ.